ಸೆಪ್ಟೆಂಬರಿನಲ್ಲಿ ಜಲಪಾತ ಎಲ್ಲಿಗೆ ಹೋಗುತ್ತದೆ?

ಈ ಸಲದ ಯುಗಾದಿ ಕಾರ್ಯಕ್ರಮದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಮೂರು ಮಂದಿ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ಊರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಯೊಸೆಮಿಟಿ ಜಲಪಾತಕ್ಕೆ ಯಾವಾಗ ಕರೆದುಕೊಂಡು ಹೋಗೋಣ?" ನನ್ನ ಹಿಂದೆಯೇ ತಟ್ಟೆ ಹಿಡಿದು ನಿಂತಿದ್ದ ಸಂಪಾದಕರು ಇದನ್ನು ಕೇಳಿಸಿಕೊಂಡು, "ಒಬ್ಬೊಬ್ಬರಿಗೂ ಬೇರೆಬೇರೆ ಹೇಳುವ ಬದಲು ಒಂದು ಸಲ ಬರೆದುಕೊಟ್ಟುಬಿಡಿ, ಪುಟವೂ ತುಂಬುತ್ತದೆ" ಎಂದರು. ಹಾಗೆ ಹುಟ್ಟಿದ್ದು ಈ ಲೇಖನ. ಇಷ್ಟು ಜನರಿರುವಾಗ ನನ್ನನ್ನೇ ಏಕೆ ಕೇಳಿದರು ಎಂದರೆ, ಹೆತ್ತವರನ್ನು ತಪ್ಪಾದ ತಿಂಗಳಲ್ಲಿ ಅಲ್ಲಿಗೆ ಕರೆದೊಯ್ದವಳು ಎಂಬ ಖ್ಯಾತಿ ಸಂಘದಲ್ಲಿ ನನಗೆ ಆಗಲೇ ಬಂದುಬಿಟ್ಟಿದೆ.

ಅದು 2022ರ ಸೆಪ್ಟೆಂಬರ್. ಅಪ್ಪಯ್ಯ, ಅಮ್ಮ ಆಗಸ್ಟಿನಲ್ಲಿ ಬಂದಿದ್ದರು. ನಮ್ಮದು ಸಾಗರದ ಕಡೆ. ಜೋಗ ನಮಗೆ ಪ್ರವಾಸದ ಜಾಗವಲ್ಲ, ಬಂದ ನೆಂಟರಿಗೆಲ್ಲ ತೋರಿಸಬೇಕಾದ ಮನೆಯ ಸಾಮಾನಿನ ಹಾಗೆ. ಆಷಾಢ ಶ್ರಾವಣದಲ್ಲಿ ಹೋದರೆ ಜೋಗದ ಗುಂಡಿಯೆಲ್ಲ ಮಂಜು ಮುಚ್ಚಿ ಸದ್ದು ಮಾತ್ರ ಕೇಳುತ್ತದೆ. ಮಳೆ ಸ್ವಲ್ಪ ಬಿಟ್ಟ ಮೇಲೆ, ಭಾದ್ರಪದದ ಹೊತ್ತಿಗೆ ಹೋದರೆ ನೀರೂ ಇರುತ್ತದೆ, ಕಣ್ಣಿಗೂ ಕಾಣುತ್ತದೆ ಎಂಬುದು ನಮ್ಮ ಮನೆಯ ಲೆಕ್ಕ. ಅದೇ ಲೆಕ್ಕವನ್ನು ನಾನು ಕ್ಯಾಲಿಫೋರ್ನಿಯಾಕ್ಕೂ ಹಾಕಿದೆ. ಗಣಪತಿ ಹಬ್ಬ ಮುಗಿಸಿ, ಪುಳಿಯೋಗರೆ, ಚಪಾತಿ, ಮೊಸರನ್ನ ಕಟ್ಟಿಕೊಂಡು, ನಾಲ್ಕು ಗಂಟೆ ಕಾರಿನಲ್ಲಿ ಕುಳಿತು ಹೋದೆವು. ದಾರಿಯುದ್ದಕ್ಕೂ ನನ್ನ ವ್ಯಾಖ್ಯಾನ: "ಜೋಗ 830 ಅಡಿ ಅಲ್ವಾ ಅಪ್ಪಯ್ಯ, ಇದು 2,425 ಅಡಿ. ಹತ್ತಿರ ಹತ್ತಿರ ಮೂರು ಜೋಗ, ಒಂದರ ಮೇಲೊಂದು!"

ಕಾರು ನಿಲ್ಲಿಸಿ ತಲೆ ಎತ್ತಿ ನೋಡಿದರೆ ಮೂರು ಜೋಗದಷ್ಟು ಎತ್ತರದ ಬಂಡೆ ಇತ್ತು. ನೀರಿರಲಿಲ್ಲ. ಬೂದು ಬಣ್ಣದ ಗೋಡೆಯ ಮೇಲೆ ನೀರು ಹರಿದ ಗುರುತಾಗಿ ಒಂದು ಕಪ್ಪು ಪಟ್ಟೆ, ಅಷ್ಟೆ. ಕೆಳಗಿನ ಸೇತುವೆಯ ತನಕ ನಡೆದೆವು. ಹೊಳೆಯ ಪಾತ್ರದಲ್ಲಿ ಆನೆಗಾತ್ರದ ಗುಂಡುಗಳ ಮೇಲೆ ಮಕ್ಕಳು ಒಣಕಾಲಿನಲ್ಲಿ ಕುಪ್ಪಳಿಸುತ್ತಿದ್ದರು. ನನ್ನ ಯಜಮಾನರು ಫೋಟೋ ತೆಗೆಯಲೋ ಬೇಡವೋ ಎಂದು ಕ್ಯಾಮೆರಾ ಹಿಡಿದುಕೊಂಡೇ ನಿಂತರು. ಅಮ್ಮ ನನ್ನ ಮುಖ ನೋಡಿ, "ಇರಲಿ ಬಿಡು, ಜಾಗ ಚೆನ್ನಾಗಿದೆ" ಎಂದರು. ಅಪ್ಪಯ್ಯ ಒಂದು ಬಂಡೆಯ ಮೇಲೆ ಕುಳಿತು ಮೇಲಿಂದ ಕೆಳಗಿನವರೆಗೆ ಸಾವಧಾನವಾಗಿ ನೋಡಿ ಕೇಳಿದರು: "ಅಲ್ಲ ಮಗಳೇ, ಇಲ್ಲಿ ಮಳೆಗಾಲ ಯಾವಾಗ?"

ರಸಾಯನಶಾಸ್ತ್ರದಲ್ಲಿ ಡಾಕ್ಟರೇಟು ಮಾಡಿ, ಒಂಬತ್ತು ವರ್ಷ ಇದೇ ರಾಜ್ಯದಲ್ಲಿದ್ದು, ದಿನವಿಡೀ ಪ್ರಯೋಗಶಾಲೆಯಲ್ಲಿ ದ್ರವ ಘನ ಎಂದು ತಲೆ ಕೆಡಿಸಿಕೊಳ್ಳುವ ನಾನು ಹೊರಡುವ ಮೊದಲು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಅದೊಂದೇ. ಕೇಳಿಕೊಂಡಿರಲಿಲ್ಲ.

ಇಲ್ಲಿನ ಮಳೆಗಾಲ ನವೆಂಬರಿನಿಂದ ಮಾರ್ಚಿನವರೆಗೆ. ಬೇಸಿಗೆಯಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ನಮ್ಮ ಊರಿನಲ್ಲಿ ಮಳೆ ಬರುವುದಕ್ಕೂ ಅಬ್ಬಿ ತುಂಬುವುದಕ್ಕೂ ನಡುವೆ ಗಂಟೆಗಳ ಅಂತರ, ಹೆಚ್ಚೆಂದರೆ ದಿನಗಳದ್ದು. ಲಿಂಗನಮಕ್ಕಿ ಕಟ್ಟೆಯಾದ ಮೇಲೆ ಜೋಗಕ್ಕೆ ಎಷ್ಟು ನೀರು ಎಂಬುದು ಮನುಷ್ಯರ ಕೈಯಲ್ಲೂ ಇದೆ ಎನ್ನಿ, ಆದರೂ ಮೂಲ ಮಳೆಯೇ. ಇಲ್ಲಿ ಹಾಗಲ್ಲ. ಪೆಸಿಫಿಕ್ ಸಾಗರದಿಂದ ಬಂದ ಮೋಡ ಸಿಯೆರಾ ನೆವಾಡ ಬೆಟ್ಟಸಾಲನ್ನು ಹತ್ತುವಾಗ ತಣ್ಣಗಾಗಿ, ಎತ್ತರದಲ್ಲಿ ಹಿಮವಾಗಿ ಬೀಳುತ್ತದೆ. ಬಿದ್ದದ್ದು ಅಲ್ಲಿಯೇ ಕೂರುತ್ತದೆ, ವಾರಗಟ್ಟಲೆ, ತಿಂಗಳುಗಟ್ಟಲೆ, ಒಂದರ ಮೇಲೊಂದು ಪದರವಾಗಿ. ಜನವರಿಯಲ್ಲಿ ಬಿದ್ದದ್ದು ಜಲಪಾತಕ್ಕೆ ಬರುವುದು ಮೇ ತಿಂಗಳಿನಲ್ಲಿ. ಊರಿನ ಮಳೆ ಕೈಗೆ ಬಂದ ಕೂಡಲೇ ಖರ್ಚಾಗುವ ಸಂಬಳವಾದರೆ ಇದು ಅವಧಿ ಮುಗಿದ ಮೇಲೆ ಕೈಗೆ ಸಿಗುವ ಠೇವಣಿ. ಒಂದು ವ್ಯತ್ಯಾಸವೆಂದರೆ ಅವಧಿ ಎಂದು ಮುಗಿಯುತ್ತದೆಂದು ಬ್ಯಾಂಕಿನವರು ಮೊದಲೇ ಹೇಳುವುದಿಲ್ಲ.

ಆದರೆ ಹಿಮದ ನೀರು ಎಂದ ಮಾತ್ರಕ್ಕೆ ಆಗಸ್ಟಿಗೆ ಒಣಗಬೇಕೆಂದಿಲ್ಲ. ಅದೇ ಕಣಿವೆಯಲ್ಲಿ ಮರ್ಸೆಡ್ ನದಿಯ ಮೇಲಿರುವ ವರ್ನಲ್ ಮತ್ತು ನೆವಾಡ ಜಲಪಾತಗಳು ವರ್ಷವಿಡೀ ಹರಿಯುತ್ತವೆ. ಯೊಸೆಮಿಟಿ ಹೊಳೆಯೊಂದಕ್ಕೆ ಈ ಬಡತನ ಬರಲು ಕಾರಣ ಅದರ ತವರು. ಜಲಪಾತದ ತುದಿ ಸುಮಾರು 6,500 ಅಡಿ ಎತ್ತರದಲ್ಲಿದೆ. ಅಲ್ಲಿಂದ ಹಿಂದಕ್ಕೆ, 10,850 ಅಡಿಯ ಹಾಫ್‌ಮನ್ ಶಿಖರದವರೆಗೆ ಹರಡಿದ ಪ್ರದೇಶವೇ ಅದರ ಜಲಾನಯನ. ಅಷ್ಟೂ ಹೆಚ್ಚುಕಡಿಮೆ ಬೆತ್ತಲೆ ಗ್ರಾನೈಟು. ಹಿಂದಿನ ಹಿಮಯುಗಗಳಲ್ಲಿ ನೀರ್ಗಲ್ಲಿನ ನದಿಗಳು ಮಣ್ಣನ್ನೆಲ್ಲ ಕೆರೆದೊಯ್ದು ಬಂಡೆಗೆ ಪಾಲಿಶು ಹಾಕಿಟ್ಟಿವೆ. ನಮ್ಮ ಮಲೆನಾಡಿನಲ್ಲಿ ಮಳೆ ನಿಂತು ತಿಂಗಳಾದರೂ ತೊರೆ ಜಿನುಗುತ್ತಿರುವುದು ಕಾಡಿನ ಮಣ್ಣು ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುವುದರಿಂದ. ಇಲ್ಲಿ ಹೀರಿಡುವ ಮಣ್ಣೇ ಇಲ್ಲ. ಹೇಳಿಕೊಳ್ಳುವಂಥ ದೊಡ್ಡ ಕೆರೆಯಿಲ್ಲ, ಬೇಸಿಗೆಯುದ್ದಕ್ಕೂ ಕರಗುವಂಥ ಹಿಮನದಿಯೂ ಇಲ್ಲ. ಸಿಮೆಂಟಿನ ತಾರಸಿಯ ಮೇಲೆ ಹಿಮ ಸುರಿದ ಹಾಗೆ. ಕರಗಿದ್ದೆಲ್ಲ ಕೂಡಲೇ ಇಳಿದುಬರುತ್ತದೆ, ಮುಗಿದರೆ ಮುಗಿಯಿತು. ಮರ್ಸೆಡ್ ನದಿ ಹುಟ್ಟುವ ಪ್ರದೇಶ ಇದಕ್ಕಿಂತ ಬಹಳ ದೊಡ್ಡದು, ಬಹಳ ಎತ್ತರದ್ದು. ಅಲ್ಲಿನ ಹಿಮ ತಡವಾಗಿ ಕರಗುತ್ತದೆ. ಬ್ರೈಡಲ್‌ವೇಲ್ ಹೊಳೆಗೆ ಹುಲ್ಲುಗಾವಲು, ಮಣ್ಣು ಇರುವುದರಿಂದ ಅದು ಎಳೆಯಾಗಿಯಾದರೂ ಉಳಿದುಕೊಳ್ಳುತ್ತದೆ. ನಮ್ಮ ಕಥಾನಾಯಕನೇ ಎಲ್ಲರಿಗಿಂತ ಎತ್ತರ, ಎಲ್ಲರಿಗಿಂತ ಜೋರು, ಎಲ್ಲರಿಗಿಂತ ಮೊದಲು ಬರಿಗೈ.

ಎತ್ತರದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2,425 ಅಡಿ ಎಂಬುದು ಒಂದೇ ಜಿಗಿತವಲ್ಲ. ಮೇಲಿನ ಜಲಪಾತ 1,430 ಅಡಿ, ನಡುವಿನ ಧುಮುಕುಗಳು 675 ಅಡಿ, ಕೆಳಗಿನದು 320 ಅಡಿ. ನಡುವಿನದು ಕೆಳಗೆ ನಿಂತವರಿಗೆ ಸರಿಯಾಗಿ ಕಾಣುವುದೂ ಇಲ್ಲ. ಒಂದೇ ಜಿಗಿತಕ್ಕೆ ಅಂಕ ಕೊಡುವುದಾದರೂ ಮೇಲಿನದೊಂದೇ ಜೋಗಕ್ಕಿಂತ ಎತ್ತರ. ಆದರೆ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ವರೂ ಒಟ್ಟಿಗೆ ಇಳಿಯುವ ಅಗಲ ಇದಕ್ಕೆಲ್ಲಿ ಬರಬೇಕು ಎಂದು ಸಾಗರದವಳಾಗಿ ಹೇಳದೆ ಇರಲಾರೆ.

ಸೆಪ್ಟೆಂಬರಿನ ಆ ಅವಮಾನದ ನಂತರ ಹಿಮ ಕರಗುವ ಬಗ್ಗೆ ನಾನು ಓದತೊಡಗಿದೆ. ಓದಿದಷ್ಟೂ ನನ್ನ ಪ್ರಯೋಗಶಾಲೆಯ ವಿದ್ಯೆಯೇ ಅಲ್ಲಿ ಬೆಟ್ಟದ ಗಾತ್ರದಲ್ಲಿ ನಡೆಯುತ್ತಿದೆ ಅನ್ನಿಸಿತು.

ಬಿಸಿಲು ಬಂದ ಕೂಡಲೇ ಹಿಮ ನೀರಾಗುವುದಿಲ್ಲ. ಚಳಿಗಾಲದ ಹಿಮದ ರಾಶಿ ಸೊನ್ನೆ ಡಿಗ್ರಿಗಿಂತ ಕೆಳಗಿರುತ್ತದೆ. ಮೊದಲು ಮೇಲಿನಿಂದ ಬುಡದವರೆಗೆ ಅಷ್ಟೂ ಸೊನ್ನೆ ಡಿಗ್ರಿಗೆ ಬರಬೇಕು. ಮೇಲೆ ಕರಗಿದ ನೀರು ಒಳಗಿಳಿದು ಅಲ್ಲಿ ಮತ್ತೆ ಹೆಪ್ಪುಗಟ್ಟಿ, ತನ್ನ ಶಾಖವನ್ನು ಅಲ್ಲಿ ಬಿಟ್ಟುಕೊಟ್ಟು ಕೆಳಗಿನ ಪದರವನ್ನು ಬೆಚ್ಚಗಾಗಿಸುತ್ತದೆ. ಹೀಗೆ ಸಿದ್ಧವಾದ ಹಿಮಕ್ಕೆ ಇಲ್ಲಿನ ವಿಜ್ಞಾನಿಗಳು ಹಣ್ಣಾದ ಹಿಮ ಎಂದೇ ಹೆಸರಿಟ್ಟಿದ್ದಾರೆ. ಅಲ್ಲಿಂದ ಮುಂದೆ ಬಿದ್ದ ಬಿಸಿಲೆಲ್ಲ ನೀರಾಗಿ ಹೊರಬರುತ್ತದೆ. ಅದೂ ಸುಲಭವಲ್ಲ. ಒಂದು ಗ್ರಾಂ ನೀರ್ಗಲ್ಲನ್ನು ಬರೇ ಕರಗಿಸಲು 80 ಕ್ಯಾಲೊರಿ ಬೇಕು. ಶಾಲೆಯಲ್ಲಿ ಗುಪ್ತೋಷ್ಣ ಎಂದು ಬಾಯಿಪಾಠ ಮಾಡಿದ್ದು ನೆನಪಿದೆಯೇ? ಅದೇ. ಅಷ್ಟು ಶಾಖದಲ್ಲಿ ಸೊನ್ನೆ ಡಿಗ್ರಿಯ ಒಂದು ಗ್ರಾಂ ನೀರನ್ನು 80 ಡಿಗ್ರಿಗೆ, ಅಂದರೆ ಕಾಫಿ ಡಿಕಾಕ್ಷನ್ನಿಗೆ ಆಗುವಷ್ಟು ಬಿಸಿಗೆ, ಏರಿಸಬಹುದು. ಈ 80 ಎಂಬ ಅಂಕಿ ಇಷ್ಟು ದೊಡ್ಡದಾಗಿಲ್ಲದಿದ್ದರೆ ಏಪ್ರಿಲಿನ ಮೊದಲ ಬಿಸಿಲಿಗೇ ಬೆಟ್ಟದ ಹಿಮವೆಲ್ಲ ಒಮ್ಮೆಗೆ ಇಳಿದು ಕಣಿವೆ ಕೊಚ್ಚಿಹೋಗುತ್ತಿತ್ತು.

ಶಾಖ ಕೊಡುವುದು ಬೆಚ್ಚನೆಯ ಗಾಳಿಗಿಂತ ಹೆಚ್ಚಾಗಿ ಬಿಸಿಲೇ. ಹೊಸ ಹಿಮ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತು ಪಾಲನ್ನೂ ಮೀರಿ ಹಿಂದಕ್ಕೆ ಎಸೆದುಬಿಡುತ್ತದೆ. ಹಳೆಯದಾಗಿ, ಧೂಳು ಕುಳಿತು ಬಣ್ಣ ಕೆಟ್ಟಾಗ ಅರ್ಧದಷ್ಟನ್ನು ಹೀರಿಕೊಳ್ಳುತ್ತದೆ. ಬಿಳಿ ಪಂಚೆ, ಕೊಳೆ ಪಂಚೆಗಳ ವ್ಯತ್ಯಾಸ.

ಇನ್ನೊಂದು ಸಂಗತಿ ರಸಾಯನದವರಿಗೆ ಪ್ರಿಯವಾದದ್ದು. ಉಪ್ಪುನೀರನ್ನು ಫ್ರೀಜರಿನಲ್ಲಿಟ್ಟರೆ ನೀರಿನ ಹರಳು ಉಪ್ಪನ್ನು ತನ್ನೊಳಗೆ ಸೇರಿಸಿಕೊಳ್ಳದೆ ಹೊರಕ್ಕೆ ತಳ್ಳುತ್ತದೆ. ಹಿಮದ ರಾಶಿಯೊಳಗೂ ಇದೇ ನಡೆಯುತ್ತದೆ. ಚಳಿಗಾಲದುದ್ದಕ್ಕೂ ಹರಳುಗಳು ಮತ್ತೆ ಮತ್ತೆ ರೂಪ ಬದಲಿಸುವಾಗ ಗಾಳಿಯಿಂದ ಬಂದ ಲವಣ, ಆಮ್ಲಗಳೆಲ್ಲ ಹರಳಿನ ಮೈಯ ಮೇಲೆ, ಅಂಚುಗಳಲ್ಲಿ ಸೇರಿಕೊಳ್ಳುತ್ತವೆ. ಕರಗು ಶುರುವಾದಾಗ ಮೊದಲ ನೀರು ಅವನ್ನು ತೊಳೆದುಕೊಂಡು ಬರುತ್ತದೆ. 1970ರ ದಶಕದಲ್ಲಿ ನಾರ್ವೆಯವರು ಅಳೆದು ತೋರಿಸಿದ ಹಾಗೆ, ಕರಗುವ ನೀರಿನ ಮೊದಲ 30 ಪಾಲಿನಲ್ಲಿಯೇ ಕೊಳೆಯ 50ರಿಂದ 80 ಪಾಲು ಇಳಿದುಹೋಗುತ್ತದೆ. ಅಕ್ಕಿ ತೊಳೆದ ಮೊದಲ ನೀರಿನ ಹಾಗೆ. ಆಮೇಲೆ ಬರುವುದು ಭಟ್ಟಿಯಿಳಿಸಿದ ನೀರಿಗೆ ಹತ್ತಿರದ ನೀರು. ಗ್ರಾನೈಟು ಸುಲಭಕ್ಕೆ ಕರಗದ ಕಲ್ಲಾದ್ದರಿಂದ ದಾರಿಯಲ್ಲೂ ಹೆಚ್ಚೇನೂ ಸೇರುವುದಿಲ್ಲ.

ಇದರ ಪ್ರಯೋಜನ ನಮ್ಮಲ್ಲಿ ಕೆಲವರ ಅಡುಗೆಮನೆಗೂ ಬಂದಿದೆ. ಯೊಸೆಮಿಟಿ ಹೊಳೆಯ ನೀರು ಮರ್ಸೆಡ್ ನದಿಗೆ ಹೋಗುತ್ತದೆ, ನಮಗಲ್ಲ. ಆದರೆ ಅದೇ ಉದ್ಯಾನದ ಉತ್ತರಭಾಗದ ಟುವಾಲಮಿ ನದಿಯ ಹಿಮದ ನೀರು ಹೆಚ್ ಹೆಚಿ ಕಟ್ಟೆಯಿಂದ ಕೊಳವೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೂ ಸುತ್ತಲ ಅನೇಕ ಊರುಗಳಿಗೂ ಬರುತ್ತದೆ. ಆ ನಲ್ಲಿಯಿರುವ ಮನೆಗಳಲ್ಲಿ ತೊಗರಿಬೇಳೆ ಬೇಗ ಬೇಯುತ್ತದೆ. ಬೋರು ನೀರಿನ ಗಡಸುತನವಿರುವ ಊರಿನವರು ಇನ್ನೆರಡು ವಿಸಿಲು ಕೂಗಿಸಬೇಕು. ಕ್ಯಾಲ್ಸಿಯಂ ಇಲ್ಲದ ನೀರಿನ ಮಹಿಮೆ. ನಮ್ಮ ಸಂಘದ ಪಿಕ್ನಿಕ್ಕಿನಲ್ಲಿ ಬಿಸಿಬೇಳೆ ಯಾರ ಮನೆಯದು ಚೆನ್ನಾಗಿತ್ತು ಎಂಬ ಚರ್ಚೆಗೆ ಈ ಅಂಶವನ್ನೂ ಸೇರಿಸಿಕೊಳ್ಳಬಹುದು.

ಇಷ್ಟೆಲ್ಲ ಓದಿಕೊಂಡದ್ದನ್ನು ರಾತ್ರಿ ಊಟದ ಹೊತ್ತಿಗೆ ಅಪ್ಪಯ್ಯನಿಗೆ ಹೇಳುತ್ತಿದ್ದೆ. ಅವರು ಹೂಂಗುಟ್ಟುತ್ತಿದ್ದರು. ಡಿಸೆಂಬರಿನ ಕೊನೆಗೆ ಮಳೆ ಹಿಡಿಯಿತು. 2022ರ ಡಿಸೆಂಬರ್ 31ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದೇ ದಿನ ಐದೂವರೆ ಇಂಚಿನಷ್ಟು ಬಿದ್ದು, ರಸ್ತೆಗಳಲ್ಲಿ ನೀರು ನಿಂತು, ಟೀವಿಯಲ್ಲಿ ಅದೇ ಸುದ್ದಿ. ಅಪ್ಪಯ್ಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕುಳಿತು, "ಇಷ್ಟಕ್ಕೆಲ್ಲ ಟೀವಿಯಲ್ಲಿ ಹೇಳ್ತಾರಾ? ನಮ್ಮಲ್ಲಿ ಇದಕ್ಕೆ ಕೊಡೆ ಬಿಚ್ಚೋದು ಅಷ್ಟೆ" ಎಂದರು. ಆದರೆ ಜನವರಿಯಲ್ಲೂ ಅದು ಬಿಡಲಿಲ್ಲ, ಒಂದರ ಹಿಂದೆ ಒಂದು ಬಂತು. ಅವರಿಬ್ಬರನ್ನು ವಿಮಾನ ಹತ್ತಿಸಲು ಹೊರಟ ದಿನವೂ ವೈಪರು ನಿಲ್ಲಲಿಲ್ಲ. ಕಾರಿನಲ್ಲಿ ಅಪ್ಪಯ್ಯ ಕೇಳಿದರು: "ಇದು ಅಲ್ಲಿ ಮೇಲೆ ಹಿಮವಾಗಿ ಬೀಳ್ತಾ ಇರಬೇಕು, ಅಲ್ವಾ?" ಹೌದೆಂದೆ.

ಹಿಮ ಎಷ್ಟು ಬಿದ್ದಿದೆ ಎಂದು ಅಳೆಯುವ ಕಲೆಗೂ ಒಂದು ಸ್ವಾರಸ್ಯವಾದ ಚರಿತ್ರೆಯಿದೆ. ಅದನ್ನು ಶುರುಮಾಡಿದವರು ವಿಜ್ಞಾನಿಯಲ್ಲ. ನೆವಾಡ ವಿಶ್ವವಿದ್ಯಾನಿಲಯದಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ಜೇಮ್ಸ್ ಚರ್ಚ್ ಎಂಬ ಪ್ರಾಧ್ಯಾಪಕರು. ಚಳಿಗಾಲದಲ್ಲಿ ಬೆಟ್ಟ ಹತ್ತುವ ಹುಚ್ಚಿದ್ದ ಅವರು 20ನೆಯ ಶತಮಾನದ ಮೊದಲ ದಶಕದಲ್ಲಿ ಒಂದು ಟೊಳ್ಳು ಕೊಳವೆಯನ್ನು ಹಿಮದೊಳಗೆ ಬುಡದವರೆಗೆ ಚುಚ್ಚಿ, ಒಳಗೆ ತುಂಬಿದ ಹಿಮದ ಸಮೇತ ತೂಗುವ ಉಪಾಯ ಮಾಡಿದರು. ಆಳ ಎಷ್ಟಿದ್ದರೇನು, ಹೊಸ ಹಿಮ ಹತ್ತಿಯಂತೆ ಹಗುರ, ಬೇಕಾದದ್ದು ತೂಕ. ಕರಗಿದರೆ ಎಷ್ಟು ಇಂಚು ನೀರು ಎಂಬುದು ಅದರಿಂದ ತಿಳಿಯುತ್ತದೆ. ಈಗ ಬೆಟ್ಟದ ಮೇಲೆ ತಾನಾಗಿ ಅಳೆಯುವ ಯಂತ್ರಗಳಿವೆ, ವಿಮಾನದಿಂದಲೂ ಅಳೆಯುತ್ತಾರೆ. ಆದರೂ ಕೊಳವೆ ಹಿಡಿದು ಹೋಗುವವರು ಇಂದಿಗೂ ಹೋಗುತ್ತಾರೆ. ಹಿಮದ ರಾಶಿ ಸಾಮಾನ್ಯವಾಗಿ ಏಪ್ರಿಲ್ 1ರ ಸುಮಾರಿಗೆ ತುಂಬಿರುತ್ತದೆ, ಆದ್ದರಿಂದ ಆ ದಿನದ ಲೆಕ್ಕಕ್ಕೆ ಬಹಳ ಬೆಲೆ.

2015ರ ಏಪ್ರಿಲ್ 1ರಂದು ಸಿಯೆರಾದ ಹಿಮ ಆ ದಿನದ ಸರಾಸರಿಯ ನೂರಕ್ಕೆ 5 ಪಾಲು ಮಾತ್ರ ಇತ್ತು. ಐದಡಿ ಹಿಮ ಇರಬೇಕಾದ ಜಾಗದಲ್ಲಿ ರಾಜ್ಯಪಾಲ ಬ್ರೌನ್ ಒಣ ಹುಲ್ಲಿನ ಮೇಲೆ ನಿಂತು ನೀರಿನ ಕಡ್ಡಾಯ ಮಿತವ್ಯಯವನ್ನು ಸಾರಿದರು. ಅಂಗಳದ ಹುಲ್ಲಿಗೆ ನೀರು ಬಿಡದೆ ಒಣಗಿಸಿದ್ದು ಹಳೆಯ ಸದಸ್ಯರಿಗೆ ನೆನಪಿರುತ್ತದೆ. 2023ರ ಏಪ್ರಿಲಿನಲ್ಲಿ ಅದೇ ಅಂಕಿ 237. ಅಪ್ಪಯ್ಯ ಕಿಟಕಿಯಲ್ಲಿ ನೋಡಿ ತಮಾಷೆ ಮಾಡಿದ್ದ ಮಳೆಯ ಫಲ.

ಆ ವರ್ಷ ಏಪ್ರಿಲಿನ ಕೊನೆಗೆ ಬಿಸಿಲೇರಿದಾಗ ಪ್ರವಾಹದ ಭಯದಿಂದ ಕಣಿವೆಯ ಬಹುಭಾಗವನ್ನು ಕೆಲವು ದಿನ ಮುಚ್ಚಿದ್ದರು. ನಾವು ಹೋದದ್ದು ಜೂನಿನಲ್ಲಿ. ಕಾರಿನ ಕಿಟಕಿ ಇಳಿಸುವ ಮೊದಲೇ ಸದ್ದು ಕೇಳಿಸಿತು. ಒಂಬತ್ತು ತಿಂಗಳ ಹಿಂದೆ ಕಪ್ಪು ಪಟ್ಟೆ ಇದ್ದಲ್ಲಿ ಬಿಳಿಯ ಕಂಬವೊಂದು ಗೋಡೆಯನ್ನು ಮುಟ್ಟದೆ ಇಳಿಯುತ್ತಿತ್ತು. ಗಾಳಿ ಬೀಸಿದಾಗ ಇಡೀ ಕಂಬವೇ ಸೀರೆಯ ಸೆರಗಿನಂತೆ ಪಕ್ಕಕ್ಕೆ ಸರಿದು ಮತ್ತೆ ತನ್ನ ಜಾಗಕ್ಕೆ ಬರುತ್ತಿತ್ತು. ಅಪ್ಪಯ್ಯ ಕುಳಿತಿದ್ದ ಬಂಡೆಯನ್ನು ಹುಡುಕಿದೆ. ಅದು ಎಲ್ಲೋ ನೊರೆಯ ಕೆಳಗಿತ್ತು. ಸೇತುವೆಯ ಮೇಲೆ ಅರ್ಧ ನಿಮಿಷ ನಿಂತದ್ದಕ್ಕೆ ಒಳಉಡುಪಿನವರೆಗೆ ಒದ್ದೆಯಾದೆವು. ನನ್ನ ಮಗ ಕೂಗಿ ಏನೋ ಹೇಳುತ್ತಿದ್ದ, ತುಟಿ ಅಲ್ಲಾಡಿದ್ದು ಮಾತ್ರ ಕಂಡಿತು.

ರಾತ್ರಿ ಕಣಿವೆಯಲ್ಲೇ ಉಳಿದೆವು. ಮಲಗುವ ಹೊತ್ತಿಗೆ ಸದ್ದು ಹಗಲಿಗಿಂತ ಹೆಚ್ಚಾದಂತೆ ಕೇಳಿತು. ಸುತ್ತಲಿನ ನಿಶ್ಶಬ್ದಕ್ಕೆ ಹಾಗನ್ನಿಸುತ್ತದೆ ಎಂದರು ಯಜಮಾನರು. ಪೂರ್ತಿ ಭ್ರಮೆಯಲ್ಲ. ಮಧ್ಯಾಹ್ನದ ಬಿಸಿಲಿಗೆ ಮೇಲೆ ಕರಗಿದ ನೀರು ಹಿಮದೊಳಗಿಂದ ಸೋಸಿ, ಬಂಡೆಯ ಮೇಲೆ ಹರಿದು, ಮೈಲಿಗಟ್ಟಲೆ ಬಂದು ಕಣಿವೆಗಿಳಿಯಲು ಗಂಟೆಗಳು ಹಿಡಿಯುತ್ತವೆ. ಮರ್ಸೆಡ್ ನದಿಯಲ್ಲಿ ವಸಂತಕಾಲದ ದಿನದ ಹೆಚ್ಚಿನ ನೀರು ಬರುವುದು ಮಧ್ಯರಾತ್ರಿಯ ಸುಮಾರಿಗೆ.

ಹುಣ್ಣಿಮೆಯಾಗಿದ್ದರೆ ಇನ್ನೊಂದು ಲಾಭವಿತ್ತು. ಏಪ್ರಿಲಿನಿಂದ ಜೂನಿನವರೆಗೆ ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ಕೆಳಗಿನ ಜಲಪಾತದ ತುಂತುರಿನಲ್ಲಿ ಚಂದ್ರನ ಬೆಳಕಿಗೆ ಕಾಮನಬಿಲ್ಲು ಮೂಡುತ್ತದೆ. ಬರಿಗಣ್ಣಿಗೆ ಬೂದುಬಿಳುಪು, ಕ್ಯಾಮೆರಾಕ್ಕೆ ಬಣ್ಣ. ಇದರ ಆಸೆಗೇ ಜಾನ್ ಮ್ಯೂರ್ ಎಂಬ ಪ್ರಕೃತಿಪ್ರೇಮಿ 1871ರ ಏಪ್ರಿಲಿನ ಒಂದು ರಾತ್ರಿ ಮೇಲಿನ ಜಲಪಾತದ ಬುಡದ ಕಟ್ಟಿಗೆ ಹತ್ತಿ, ಗಾಳಿಗೆ ನೀರಿನ ಕಂಬ ಸರಿದ ಸಮಯ ನೋಡಿ ಅದರ ಹಿಂದಕ್ಕೆ ನುಗ್ಗಿದ. ನೀರಿನ ಮೂಲಕ ಚಂದ್ರನನ್ನು ನೋಡಿ ಮೈಮರೆತಿದ್ದಾಗ ಗಾಳಿ ನಿಂತು, ಕಂಬ ತನ್ನ ಜಾಗಕ್ಕೆ ಮರಳಿ ಅವನ ಮೇಲೆಯೇ ಬಿತ್ತು. ಬಂಡೆಗೆ ಅಂಟಿ ಹೇಗೋ ಬದುಕಿ ಬಂದ. ಆಗ ಅವನಿಗೆ ಮೂವತ್ತಮೂರೂ ತುಂಬಿರಲಿಲ್ಲ. ಇದೇ ಹೊಳೆಯ ದಡದಲ್ಲಿ ಮರ ಕೊಯ್ಯುವ ಮಿಲ್ಲು ನಡೆಸಿಕೊಂಡಿದ್ದ. ಅವನಿಗೂ ಮುಂಚೆ ಕಣಿವೆಯಲ್ಲಿದ್ದ ಅಹ್ವಾನೀಚಿ ಜನ ಈ ಜಲಪಾತವನ್ನು ಚೋಲಕ್ ಎನ್ನುತ್ತಿದ್ದರು. ಬುಡದ ಮಡುವಿನಲ್ಲಿ ಪೊಲೋಟಿ ಎಂಬ ಮಾಟಗಾತಿಯರ ಆತ್ಮಗಳಿವೆ, ಹತ್ತಿರ ಹೋಗಬಾರದು ಎಂದು ನಂಬಿದ್ದರು. ನಮ್ಮ ಹೊಳೆಗುಂಡಿಗಳಿಗೂ ಚೌಡಿಯ ಕಾವಲು ಹಾಕಿ ಮಕ್ಕಳನ್ನು ದೂರವಿಟ್ಟಿರುವುದು ನೆನಪಾಯಿತು. ಆ ಜನರನ್ನು 1851ರಲ್ಲಿ ಬಂದೂಕಿನವರು ಬಂದು ಕಣಿವೆಯಿಂದ ಓಡಿಸಿದರು. ಅದು ಬೇರೆಯದೇ ಒಂದು ಲೇಖನದ ವಿಷಯ.

ಪೊಲೋಟಿಯ ಮಾತು ಬಂದದ್ದರಿಂದ ಚಿಕ್ಕ ಮಕ್ಕಳಿರುವ ಮನೆಗಳಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಊರಿನಲ್ಲಿ ಈಜು ಬಲ್ಲವರಿಗೆ ಹೊಳೆಯ ಧೈರ್ಯವಿರುತ್ತದೆ. ಆ ಧೈರ್ಯ ಇಲ್ಲಿ ನಡೆಯುವುದಿಲ್ಲ. ಈ ನೀರು ಕೆಲವೇ ಗಂಟೆಗಳ ಹಿಂದೆ ಹಿಮವಾಗಿತ್ತು. ಬಿದ್ದ ಕೂಡಲೇ ಉಸಿರು ಸಿಕ್ಕಿಕೊಂಡು, ಸ್ವಲ್ಪ ಹೊತ್ತಿನಲ್ಲಿ ಕೈಕಾಲು ಸೋಲುತ್ತವೆ. ನೀರ್ಗಲ್ಲು ಪಾಲಿಶು ಹಾಕಿದ ಬಂಡೆ ಒದ್ದೆಯಾದರೆ ಎಣ್ಣೆ ಸವರಿದ ಕಡಪಾಕಲ್ಲು. 2011ರ ಜುಲೈಯಲ್ಲಿ ವರ್ನಲ್ ಜಲಪಾತದ ನೆತ್ತಿಯಲ್ಲಿ ಕಂಬಿ ದಾಟಿ ನೀರಿನ ಬಳಿ ಹೋದ ಮೂವರು, ಮೂವರೂ ಎಳೆಯ ಪ್ರಾಯದವರು, ಒಟ್ಟಿಗೆ ಕೊಚ್ಚಿಹೋದರು. ಆ ವರ್ಷವೂ ಹಿಮ ಹೆಚ್ಚಾಗಿತ್ತು. ಅವತ್ತು ಜೂನಿನಲ್ಲಿ ನನ್ನ ಮಗನನ್ನು ಸೇತುವೆಯಿಂದ ಇಳಿಯಲು ಬಿಡದ್ದಕ್ಕೆ ಅವನು ಕಾರಿನಲ್ಲಿ ಅರ್ಧ ದಾರಿ ಮಾತಾಡಲಿಲ್ಲ. ಆಗಲಿ.

ಯಾವಾಗ ಹೋಗಬೇಕು ಎಂದು ಕೇಳಿದವರಿಗೆ ಉತ್ತರ: ಸಾಮಾನ್ಯ ವರ್ಷದಲ್ಲಿ ಮೇ ತಿಂಗಳು. ಹಿಮ ಕಡಿಮೆಯಾದ ವರ್ಷ ಏಪ್ರಿಲಿನ ಕೊನೆಗೇ ಹೋಗಿಬಿಡಿ. ಹೆಚ್ಚಾದ ವರ್ಷ ಜೂನು, ಜುಲೈ ಆದರೂ ನಡೆಯುತ್ತದೆ. ಮಾರ್ಚ್, ಏಪ್ರಿಲಿನ ಚಳಿ ಹಿಡಿದ ಬೆಳಗುಗಳಲ್ಲಿ ಹೋದವರಿಗೆ ತುಂತುರೆಲ್ಲ ಸೂಜಿಯಂಥ ಹರಳಾಗಿ ಹೊಳೆಯ ತುಂಬ ಬಿಳಿ ಗಂಜಿಯ ಹಾಗೆ ತೇಲುವುದು ಕಾಣಸಿಗಬಹುದು. ಆಗಸ್ಟ್, ಸೆಪ್ಟೆಂಬರಿನಲ್ಲೇ ಬರುವ ಹಿರಿಯರನ್ನು ವರ್ನಲ್, ಬ್ರೈಡಲ್‌ವೇಲ್ ಕಡೆಗೆ ಕರೆದೊಯ್ಯಿರಿ, ನನ್ನ ಹಾಗೆ ಮೂರು ಜೋಗದ ಭಾಷಣ ಮಾಡಬೇಡಿ. ಕೆಳಗಿನ ಜಲಪಾತದ ಸುತ್ತುದಾರಿ ಒಂದು ಮೈಲಿ; ಅದರ ಪೂರ್ವಭಾಗದಲ್ಲಿ ಗಾಲಿಕುರ್ಚಿಯೂ ಹೋಗುತ್ತದೆ. ನೆತ್ತಿಗೆ ಹತ್ತುವ ದಾರಿ ಹೋಗಿಬರಲು ಏಳು ಮೈಲಿಗೂ ಹೆಚ್ಚು, ಏರು 2,700 ಅಡಿ. ಸೀರೆಯುಟ್ಟವರಿಗೆ ಹೇಳಿದ್ದಲ್ಲ. ಆ ಏರುವ ಕಣಿವೆಯಲ್ಲಿಯೇ ಬಹಳ ಹಿಂದೆ ಹೊಳೆ ಸಾಧುವಾಗಿ ಇಳಿಯುತ್ತಿತ್ತಂತೆ. ಹಿಮನದಿ ತಂದುಹಾಕಿದ ಕಲ್ಲುಮಣ್ಣಿನ ರಾಶಿ ದಾರಿಗೆ ಅಡ್ಡವಾಗಿ, ಪಕ್ಕಕ್ಕೆ ತಿರುಗಿ ಬಂಡೆಯಂಚಿನಿಂದ ಜಿಗಿಯಬೇಕಾಯಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ.

ಈ ತಿಂಗಳುಗಳ ಲೆಕ್ಕವೂ ಸ್ಥಿರವಲ್ಲ. 1948ರಿಂದ 2000ದವರೆಗಿನ ದಾಖಲೆ ತೆಗೆದು ನೋಡಿದವರಿಗೆ ಪಶ್ಚಿಮ ಅಮೆರಿಕದ ಬಹಳಷ್ಟು ಹಿಮದ ಹೊಳೆಗಳಲ್ಲಿ ವಸಂತದ ನೀರು ಒಂದರಿಂದ ನಾಲ್ಕು ವಾರ ಮುಂಚಿತವಾಗಿ ಬರತೊಡಗಿದ್ದು ಕಂಡಿದೆ. ಚಳಿಗಾಲ ಬೆಚ್ಚಗಾದಂತೆ ಹಿಮವಾಗಬೇಕಾದದ್ದು ಮಳೆಯಾಗಿಯೇ ಇಳಿಯುತ್ತದೆ, ಠೇವಣಿಗೆ ಹೋಗುವುದೇ ಇಲ್ಲ. ಎತ್ತರ ಕಡಿಮೆ, ಮಣ್ಣಿಲ್ಲದ ಯೊಸೆಮಿಟಿ ಹೊಳೆಯಂಥದಕ್ಕೆ ಇದರ ಪೆಟ್ಟು ಮೊದಲು. 2023 ಒಂದು ಒಳ್ಳೆಯ ವರ್ಷ ಅಷ್ಟೆ.

ಆ ಜೂನಿನ ರಾತ್ರಿ ತೆಗೆದಿದ್ದ ವಿಡಿಯೋವನ್ನು ಮನೆಗೆ ಬಂದು ಸಾಗರಕ್ಕೆ ಕಳಿಸಿದೆ. ಅಲ್ಲಿ ಆ ವರ್ಷ ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಮಾರನೆಯ ದಿನ ಅಪ್ಪಯ್ಯ ಫೋನು ಮಾಡಿದರು. ಮೊದಲು, ಸದ್ದು ಜೋಗದ ರೋರರಿನ ಹಾಗೆಯೇ ಇದೆ ಎಂದರು. ಆಮೇಲೆ ಸ್ವಲ್ಪ ತಡೆದು, "ಹಾಗಾದ್ರೆ ನಾವಿದ್ದಾಗ ಬಂತಲ್ಲ, ಆ ಮಳೆಯೇ ಇದು?" ಎಂದು ಕೇಳಿದರು.

"ಹೌದು ಅಪ್ಪಯ್ಯ, ಅದೇ."

"ಮುಂದಿನ ಸಲ ಏಪ್ರಿಲ್ ಒಂದರ ಲೆಕ್ಕ ನೋಡಿ ಆಮೇಲೆ ಟಿಕೆಟ್ ಮಾಡಿಸು."

ಈ ವರ್ಷ ಹಾಗೆಯೇ ಮಾಡಿದ್ದೇನೆ. ಮೇ ಎರಡನೆಯ ವಾರ ಬರುತ್ತಾರೆ. ಅಮ್ಮನ ಮೊಣಕಾಲು ಮೊದಲಿನ ಹಾಗಿಲ್ಲ, ಆದ್ದರಿಂದ ಒಂದು ಮೈಲಿಯ ಸುತ್ತುದಾರಿಯೇ ಗತಿ. ರೇನ್‌ಕೋಟು ಎರಡು ಹೆಚ್ಚಿಗೆ ಕೊಂಡಿಟ್ಟಿದ್ದೇನೆ.